ಹಳದಿಗೆ ತಿರುಗಬಾರದ ನೀರು

ಹದಿನೇಳು ವರ್ಷದ ಕೆಲಸದಲ್ಲಿ ಒಟೀಲಿಯಾಗೆ ಹಳದಿ ಅಂದರೆ ಒಳ್ಳೆಯ ಬಣ್ಣ. ಯಾಶ್ ನಗರದ ಆ ಪ್ರಯೋಗಾಲಯದಲ್ಲಿ ತಟ್ಟೆಯ ಸಣ್ಣ ಸಣ್ಣ ಕುಳಿಗಳಿಗೆ ದಡಾರದ ವೈರಾಣುವಿನ ಪ್ರೋಟೀನ್ ಬಳಿದಿರುತ್ತಿತ್ತು. ಅದರ ಮೇಲೆ ಯಾರದೋ ರಕ್ತದ ತಿಳಿ ಹನಿಸಬೇಕು. ಆ ಪ್ರೋಟೀನನ್ನು ಗುರುತು ಹಿಡಿಯುವ ಪ್ರತಿಕಾಯ ಅದರಲ್ಲಿದ್ದರೆ ಕೊನೆಗೆ ಆಮ್ಲ ಬಿದ್ದಾಗ ಕುಳಿ ಹಳದಿಯಾಗುತ್ತದೆ. ಲಸಿಕೆ ಹಿಡಿದಿದೆ ಎಂದು ಬರೆದರೆ ಆಯಿತು. ಇವತ್ತು ಮಾತ್ರ ಅವಳು ಹಳದಿ ಬರಬಾರದಪ್ಪಾ ಎಂದು ಕಂಡ ಕಂಡ ಸಂತರಿಗೆಲ್ಲ ಹರಕೆ ಹೊರುತ್ತಿದ್ದಳು. ತಟ್ಟೆಯಲ್ಲಿದ್ದದ್ದು ಅವಳ ಎಂಟು ವರ್ಷದ ಮಗಳು ಅಂಕುತ್ಸಾಳ ಬೆನ್ನುಹುರಿಯಿಂದ ತೆಗೆದ ನೀರು.

ಮೊದಲು ಚಮಚ ಕೈಜಾರತೊಡಗಿತ್ತು. "ಚೋರ್ಬಾ ಸಾರನ್ನೆಲ್ಲಾ ಮೈಮೇಲೆ ಚೆಲ್ಕೊಂಡ್ಯಲ್ಲೇ, ಎಲ್ಲಿಟ್ಟಿದ್ದೀಯೇ ಗ್ಯಾನಾನ?" ಎಂದು ಒಟೀಲಿಯಾ ಗದರಿದ್ದಳು. ಆಮೇಲೆ ಮಗ್ಗಿ ಮರೆತುಹೋಯಿತು. ಗಡಿಯಾರ ಇಟ್ಟು ಎಣಿಸಿದ ಹಾಗೆ ಹತ್ತು ಸೆಕೆಂಡಿಗೊಮ್ಮೆ ಕತ್ತು ಜಗ್ಗತೊಡಗಿತು. ಊರಾಚೆಯ ಆಸ್ಪತ್ರೆಯ ನರರೋಗದ ವೈದ್ಯರು, "ಕೂಸಾಗಿದ್ದಾಗ ದಡಾರ ಬಂದಿತ್ತಾ?" ಎಂದು ಕೇಳಿದಾಗಲೇ ಅವಳಿಗೆ ಅರ್ಥವಾಗಿತ್ತು.

ಬಂದಿತ್ತು. ಏಳು ತಿಂಗಳಿಗೆ. ಆ ವರ್ಷ ಊರಿಡೀ ದಡಾರ. ಹಾಲೂಡಿಸುವ ತಾಯಂದಿರಿಗೆ ಸಿಗುವ ಬಿಡುವಿನಲ್ಲಿ ಅತ್ತೆ ಸಾವೆತಾ ಮಗುವನ್ನೆತ್ತಿಕೊಂಡು ಪ್ರಯೋಗಾಲಯಕ್ಕೇ ಬರುತ್ತಿದ್ದಳು. ಅಲ್ಲಿಗೆ ದಾರಿ ಇದ್ದದ್ದೇ ದಡಾರ ಹಿಡಿದು ಕೆಮ್ಮುವ ಮಕ್ಕಳು ತುಂಬಿದ ಚಿಕಿತ್ಸಾಲಯದ ಪಡಸಾಲೆಯಲ್ಲಿ.

"ಬೇಡ ಕಣೇ, ನಂಗ್ಯಾಕೋ ಭಯ," ಎಂದಿದ್ದಳು ಅತ್ತೆ.

ಒಟೀಲಿಯಾ ನಕ್ಕಿದ್ದಳು. ತಟ್ಟೆಯಲ್ಲಿ ಒಂದು ಕುಳಿ ಖಾಲಿ ಉಳಿದರೆ ತಮ್ಮದೇ ರಕ್ತ ಹಾಕಿ ನೋಡಿಕೊಳ್ಳುವುದು ಅಲ್ಲಿಯವರ ಚಾಳಿ. ಅವಳ ಕುಳಿ ಢಾಳಾಗಿ ಹಳದಿಯಾಗಿತ್ತು. "ನನ್ನಲ್ಲೇ ಇಷ್ಟಿದೆ ಅತ್ತೆ, ಹೊಟ್ಟೇಲಿದ್ದಾಗ್ಲೇ ಅವ್ಳಿಗೂ ಹೋಗಿರುತ್ತೆ. ಸುಮ್ನೆ ಕರ್ಕೊಂಡ್ಬನ್ನಿ." ತಾಯಿ ಕೊಟ್ಟದ್ದು ಆರೇಳು ತಿಂಗಳಿಗೆ ಕರಗಿಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಬೇರೆಯವರಿಗೆ ಪಾಠ ಹೇಳುವಷ್ಟು ಗೊತ್ತಿತ್ತು. ಆದರೂ ತನ್ನ ರಕ್ತ ನೋಡಿ ಮಗುವಿನ ಹಣೆಬರಹ ಬರೆದುಬಿಟ್ಟಳು, ಪುಣ್ಯಾತ್ಗಿತ್ತಿ!

ಮಗು ಹತ್ತು ದಿನದಲ್ಲಿ ಚೇತರಿಸಿಕೊಂಡು ನಗತೊಡಗಿತ್ತು. ಆದರೆ ಎಲ್ಲೋ ಅಪರೂಪಕ್ಕೆ ಈ ವೈರಾಣು ಮಿದುಳಿನಲ್ಲಿ ಉಳಿದುಬಿಡುತ್ತದೆ. ಅದರ ಮೈಕಟ್ಟು ಜೋಡಿಸುವ ಪ್ರೋಟೀನ್ ಕೆಟ್ಟುಹೋಗಿ, ಹೊರಗೆ ಬರಲಾರದೆ, ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ತೂರಿಕೊಂಡು ವರ್ಷಗಟ್ಟಲೆ ಒಳಗೊಳಗೇ ಹಬ್ಬುತ್ತದೆ. ದೇಹ ಪ್ರತಿಕಾಯಗಳನ್ನು ಸುರಿಯುತ್ತಲೇ ಇರುತ್ತದೆ, ಒಳಗೆ ಕೂತದ್ದಕ್ಕೆ ಅವು ತಾಕುವುದಿಲ್ಲ. ಬೆನ್ನುಹುರಿಯ ನೀರಿನಲ್ಲಿ ಅವು ರಾಶಿಯಾಗಿ ಕಂಡರೆ ಮುಗಿಯಿತು. ಗುಣಪಡಿಸುವ ಮದ್ದು ಯಾರ ಬಳಿಯೂ ಇಲ್ಲ.

"ನೀನು ಮುಟ್ಬೇಡ ಕಣಮ್ಮ, ನಾನ್ ಮಾಡ್ತೀನಿ," ಎಂದ ಹಿರಿಯ ಸಹೋದ್ಯೋಗಿ ವಿಯೋರೆಲ್.

"ಬೇರೆಯವರ ಮಕ್ಕಳದ್ದೆಲ್ಲಾ ನಾನೇ ಮಾಡಿಲ್ವಾ ಅಣ್ಣ? ಬಿಡು."

ಆಮ್ಲ ಬಿದ್ದೊಡನೆ ಕುಳಿ ಹಳದಿಗೆ ತಿರುಗಿತು. "ಜಾಸ್ತಿ ಹಾಕ್ಬಿಟ್ಟೆ ಅನ್ಸುತ್ತೆ," ಎಂದು ಗೊಣಗಿ, ನೀರನ್ನು ತೆಳುಮಾಡಿ ಮತ್ತೆ ಹಾಕಿದಳು. ಹಳದಿ. ಊಟ ಬಿಟ್ಟು ಇನ್ನೂ ತೆಳುಮಾಡಿದಳು. ಹಳದಿ. ನಾಲ್ಕನೇ ತಟ್ಟೆಗೆ ಕೈ ಹಾಕಿದಾಗ ವಿಯೋರೆಲ್ ಅವಳ ಮಣಿಕಟ್ಟು ಹಿಡಿದ.

"ಸಾಕು ತಾಯಿ. ಇನ್ನೂ ತೆಳು ಮಾಡಿದ್ರೆ ಬರೀ ನೀರೇ ಉಳಿಯೋದು."

"ಉಳೀಲಿ! ನಂಗೆ ಬರೀ ನೀರೇ ಬೇಕಣ್ಣಾ!" ಅವಳು ಕಿರುಚಿ ಅಲ್ಲೇ ನೆಲಕ್ಕೆ ಕುಸಿದಳು. ಭೂಮಿ ಬಾಯಿಬಿಡಬಾರದೇ ಎನಿಸಿತು. ವಿಯೋರೆಲ್ ನಾಲ್ಕನೇ ತಟ್ಟೆಯನ್ನು ಅವಳ ಕೈಗೆಟುಕದಂತೆ ಸರಿಸಿಟ್ಟ.

ಫಲಿತಾಂಶವನ್ನು ಫೋನಿನಲ್ಲಿ ವೈದ್ಯರಿಗೆ ತಿಳಿಸುವಾಗ ಮಾದರಿಯ ಸಂಖ್ಯೆಯನ್ನಷ್ಟೇ ಹೇಳಬೇಕು, ಹೆಸರು ಎತ್ತುವಂತಿಲ್ಲ. ಮನೆಯವರ ಪರೀಕ್ಷೆಯನ್ನು ತಾವೇ ಮಾಡುವುದಂತೂ ನಿಷಿದ್ಧ, ಅದಕ್ಕೇ ತನ್ನ ಕೆಲಸ ಏನೆಂದು ಅವಳು ವೈದ್ಯರಿಗೆ ಹೇಳಿರಲಿಲ್ಲ. ವಿಯೋರೆಲ್ ಫೋನೆತ್ತಿದ. ಅವಳು ಎದ್ದು ಬಂದು ಅದನ್ನು ಕಿತ್ತುಕೊಂಡಳು.

"ನಾನೂರ ಹನ್ನೆರಡು. ಬೆನ್ನುಹುರಿಯ ನೀರು. ದಡಾರದ ಪ್ರತಿಕಾಯ ಇದೆ. ತುಂಬಾ ಇದೆ."

ಆ ಕಡೆ ವೈದ್ಯರು ಸಂಖ್ಯೆಯನ್ನು ಬರೆದುಕೊಂಡರು. "ಛೆ! ಆ ತಾಯಿಗೆ ನಾನ್ ಹೆಂಗಮ್ಮಾ ಹೇಳ್ಲಿ? ನಾಳೆ ಬೆಳಿಗ್ಗೆ ಬರ್ತಾಳೆ, ಪಾಪ."

"ಹೇಳೋದೇನೂ ಬೇಡ ಡಾಕ್ಟ್ರೇ," ಎಂದಳು ಒಟೀಲಿಯಾ. "ಅವ್ಳಿಗೆ ಗೊತ್ತಾಯ್ತು."