ಮುಂದೆ ಹೋದ ಡ್ರ್ಯಾಗನ್

ನನ್ನ ಮಗಳು ಚಂದ್ರಕಲಾಗೆ ಡ್ರ್ಯಾಗನ್ ಗೊಂಬೆಗಳ ಹುಚ್ಚು. ರೆಕ್ಕೆ ಬಡಿಯುವ, ಬೆಂಕಿ ಉಗುಳುವ, ಯಾವ ಕಾಡಿನಲ್ಲೂ ಇಲ್ಲದ ಆ ಪ್ರಾಣಿಯನ್ನು ನಾನು ಹಲ್ಲಿ ಅಂತಲೇ ಕರೆಯುವುದು. ರಾಯದುರ್ಗದಲ್ಲಿ ಬೇರೆಯವರ ಶೋಕೇಸಿನಲ್ಲಿ ಪಿಂಗಾಣಿ ಬಾತುಕೋಳಿ ಇದ್ದರೆ ನಮ್ಮಲ್ಲಿ ಹಲ್ಲಿಗಳ ಸಂತೆ. ಜೀನ್ಸ್ ಪ್ಯಾಂಟು ಹೊಲಿದು ದುಡಿದದ್ದರಲ್ಲಿ ತರಿಸಿಕೊಳ್ಳುತ್ತಾಳೆ, ಬೈಯಲು ನನಗೆ ಬಾಯಿಲ್ಲ. ಆದರೂ ಬೈಯುತ್ತೇನೆ. ಧೂಳು ಒರೆಸಲು ಹೋದರೂ "ಅವ್ವಾ, ಕೈ ಹಚ್ಚಬ್ಯಾಡ" ಅನ್ನುತ್ತಾಳೆ.

ಹಿಂದೊಮ್ಮೆ ನೋಡಲು ಬಂದ ಗಂಡಿನ ಕಡೆಯವರು, ಆ ದೆವ್ವಗಳನ್ನೆಲ್ಲ ಇಲ್ಲೇ ಬಿಟ್ಟು ಬರಲಿ ಅಂದರು. "ಹಂಗಾದ್ರ ನಾನೂ ಇಲ್ಲೇ ಇರ್ತೀನ್ರಿ" ಅಂದು ಇವಳು ಒಳಗೆ ಹೋದಳು. ಅವರು ಚಹಾ ಕೂಡ ಕುಡಿಯದೆ ಎದ್ದರು.

ಆಮೇಲೆ ಬಂದದ್ದು ಅಮರಾಪುರದ ಸಂಬಂಧ. ಹುಡುಗ ಅರುಣ್‌ಕುಮಾರ್, ತೋಟ ಮಾಡಿಕೊಂಡಿದ್ದವನು. ಅವನ ಫೋಟೊ ತೋರಿಸಿದಾಗ ಮಗಳು ನನ್ನ ಫೋನು ವಾಪಸ್ ಕೊಡುವುದನ್ನೇ ಮರೆತಳು. ಇದು ಕೈತಪ್ಪಬಾರದು ಅಂತ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಬರುವ ಮೊದಲು ಅವನ ತಾಯಿ ಸರ್ವಮಂಗಳಮ್ಮ ಫೋನ್ ಮಾಡಿದರು. "ಹುಡ್ಗಿಗೆ ಏನಿಷ್ಟ ಹೇಳಮ್ಮ, ಬರ್ತಾ ತರ್ತೀವಿ." ಆಗಷ್ಟೇ ಮತ್ತೊಂದು ಹಲ್ಲಿಯ ಪಾರ್ಸಲ್ ಬಂದಿತ್ತು. ಆ ಸಿಟ್ಟಿನಲ್ಲಿ, "ಡ್ರ್ಯಾಗನ್ ಅಂದ್ರ ಜೀವ ಬಿಡ್ತಾಳ್ರಿ" ಅಂದು ನಾಲಿಗೆ ಕಚ್ಚಿಕೊಂಡೆ.

"ಅಷ್ಟೇನಾ!" ಅಂದು ಆಕೆ ನಕ್ಕು ಫೋನಿಟ್ಟರು. ಆ 'ಅಷ್ಟೇನಾ' ನನ್ನ ನಿದ್ದೆ ಕೆಡಿಸಿತು.

ಅವರು ಬರುವ ದಿನ ಶೋಕೇಸಿಗೆ ಒಂದು ಬೆಡ್‌ಶೀಟ್ ಹೊದಿಸಿದೆ. ಮಗಳು ಮುಖ ಊದಿಸಿಕೊಂಡಳು. ತಾಯಿ ಮಗ ಒಳಗೆ ಬಂದರು, ಕೈಯಲ್ಲಿ ದೊಡ್ಡ ಬುಟ್ಟಿ.

"ಬರ್ರಿ, ಕುಂದರ್ರಿ" ಅಂದೆ.

ಸರ್ವಮಂಗಳಮ್ಮ ಬುಟ್ಟಿಯ ಮೇಲಿನ ಬಟ್ಟೆ ತೆಗೆದರು. "ತಗಳವ್ವ, ಡ್ರ್ಯಾಗನ್! ನಮ್ಮ ತೋಟದ್ದೇ. ಎಷ್ಟು ಬೇಕೋ ಅಷ್ಟು ತಿನ್ನು."

ಬುಟ್ಟಿ ತುಂಬ ಡ್ರ್ಯಾಗನ್ ಹಣ್ಣು! ಕೆಂಪಗೆ ಮಿರಮಿರ ಮಿಂಚುತ್ತಿದ್ದವು. ಚಂದ್ರಕಲಾ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು, ತಡೆಯಲಾರದೆ ನಕ್ಕಳು. ನಾನು ಕಣ್ಣಲ್ಲೇ ಬೇಡ ಅಂದರೂ ಕೇಳದೆ ಹೋಗಿ ಬೆಡ್‌ಶೀಟ್ ಎಳೆದಳು. "ನಾನು ಜೀವ ಬಿಡೋದು ಈ ಡ್ರ್ಯಾಗನ್ನಿಗೆ ನೋಡ್ರಿ."

ಮುಗಿಯಿತು, ಇವರೂ ಎದ್ದರು ಅಂದುಕೊಂಡೆ. ಸರ್ವಮಂಗಳಮ್ಮ ಎದ್ದರು ನಿಜ, ಆದರೆ ನಡೆದದ್ದು ಶೋಕೇಸಿನ ಕಡೆ. ಒಂದು ಹಣ್ಣನ್ನು ಗಾಜಿನ ಪಕ್ಕ ಹಿಡಿದು ನೋಡಿದರು. "ಅಯ್ ಶಿವನೇ! ಈ ಸಿಪ್ಪೆ ಅದರ ಮೈಯಂಗೇ ಐತಲ್ಲೋ ಅರುಣ! ಈ ಹಣ್ಣಿಗೆ ಆ ಹೆಸರು ಯಾಕಿಟ್ರು ಅಂತ ಇವತ್ತು ತಿಳೀತು." ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನನಗೂ ನಗು ಬಂತು, ಜೊತೆಗೆ ಕಣ್ಣೀರೂ.

ಅರುಣ್‌ಕುಮಾರ್ ಗೊಂಬೆಗಳನ್ನು ಒಂದೊಂದಾಗಿ ನೋಡುತ್ತ ನಿಂತ. ಕೊನೆಗೆ ಗಂಭೀರವಾಗಿ ಕೇಳಿದ, "ಹಣ್ಣು ಕೆಂಪಾಗಿದ್ದೇ ತಡ, ಹಕ್ಕಿಗಳು ಬಂದು ಕುಕ್ತವೆ. ಇವು ಹಕ್ಕಿ ಓಡಿಸ್ತವಾ?"

"ಬೆಂಕೀನೇ ಉಗುಳ್ತಾವ್ರಿ, ಹಕ್ಕಿ ಯಾವ ಲೆಕ್ಕ!" ಅಂದಳು ಮಗಳು.

"ಹಂಗಾದ್ರೆ ನಮ್ಮ ತೋಟದ ಕಾವಲಿಗೆ ಒಂದು ಕೊಡಿ."

ಅವನು ತಮಾಷೆಗೆ ಕೇಳಿದ್ದ. ಇವಳು ಗಾಜು ಸರಿಸಿ, ಎಲ್ಲಕ್ಕಿಂತ ಇಷ್ಟದ ಹಸಿರು ಡ್ರ್ಯಾಗನ್ ತೆಗೆದು ಅವನ ಅಂಗೈ ಮೇಲೆ ಇಟ್ಟಳು. "ಮಳ್ಯಾಗ ಬಿಡಬ್ಯಾಡ್ರಿ." ಅವನು ಅದನ್ನು ಕರ್ಚೀಫಿನಲ್ಲಿ ಸುತ್ತಿ ಎದೆಯ ಜೇಬಿಗೆ ಹಾಕಿಕೊಂಡ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಚಹಾನೂ ಕುಡಿದು ಹೊರಟರು.

ಅವರ ಗಾಡಿ ತಿರುವು ದಾಟಿದ್ದೇ ನಾನು ಮಗಳ ಮೇಲೆ ಹರಿಹಾಯ್ದೆ. "ನಿನ್ನ ಹೆತ್ತ ನನಗ ಮುಟ್ಟಾಕ ಬಿಡಂಗಿಲ್ಲ, ಇವತ್ತು ಬಂದಾವಗ ಕೊಟ್ಟೇ ಬಿಟ್ಟೆಲ್ಲೇ?"

ಅವಳು ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಶೋಕೇಸಿನ ಖಾಲಿ ಜಾಗದಲ್ಲಿ ಇಟ್ಟಳು.

"ಕೊಟ್ಟಿಲ್ಲವ್ವ," ಅಂದಳು. "ನನಗಿಂತ ಮುಂದ ಕಳಿಸೀನಿ."