ಜನರಲ್ ಡಬ್ಬಿಯ ಕಾನೂನು

ದೇಶದ ತುಂಬ ಹಳಿ ಹಾಸಿದರೂ ಬೈಲಹೊಂಗಲ, ಸವದತ್ತಿ ಊರುಗಳಿಗೆ ಮಾತ್ರ ರೈಲು ಬಂದಿಲ್ಲ. ಸಂಗೊಳ್ಳಿಯ ರೇಣು ಮುಂಬೈಗೆ ಹೋಗಬೇಕೆಂದರೆ ಮೊದಲು ಬಸ್ಸು ಹಿಡಿದು ಬೆಳಗಾವಿಗೆ ಬರಬೇಕು. ಏಸಿ, ಸ್ಲೀಪರ್ ಡಬ್ಬಿಗಳಲ್ಲಿ ಸೀಟಿಗೆ ನಂಬರು ಇರುತ್ತದೆ. ಜನರಲ್ ಡಬ್ಬಿಯಲ್ಲಿ ಇರುವುದು ಒಂದೇ ಕಾನೂನು: ಕಿಟಕಿಯಿಂದ ಯಾರ ಟವೆಲ್ ಮೊದಲು ಬಿತ್ತೋ ಸೀಟು ಅವರದು. ಕಿಸೆಗಳ್ಳನೂ ಅದನ್ನು ಮುರಿಯುವುದಿಲ್ಲ.

ಮುರಿದವನು ಸಂಪಗಾಂವದ ಶಂಕ್ರೆಪ್ಪ. ಆರು ವರ್ಷದ ಹಿಂದೆ, ಡಿಸೆಂಬರ್ ಆರಕ್ಕೆ ಸಂವಿಧಾನ ಶಿಲ್ಪಿಯ ಪುಣ್ಯತಿಥಿಗೆಂದು ಮುಂಬೈಯ ಚೈತ್ಯಭೂಮಿಗೆ ಹೊರಟಿದ್ದ ರೇಣುವಿನ ತಾಯಿ ತಾಯವ್ವನ ಟವೆಲನ್ನು ಆತ ಕೊಡೆಯ ತುದಿಯಿಂದ ಎತ್ತಿ ಹಳಿಗೆ ಒಗೆದು, ಆ ಜಾಗದಲ್ಲಿ ಕಾಲು ಚಾಚಿ ಕೂತ. ಕೈ ತಾಗಿಸಲಿಲ್ಲ; ಯಾಕೆಂದು ಡಬ್ಬಿಗೆಲ್ಲ ಗೊತ್ತಾಯಿತು. ಮೊಣಕಾಲು ನೋವಿನ ತಾಯವ್ವ, ಜೊತೆಗಿದ್ದ ರೇಣುವಿನ ಕಣ್ಣೆದುರೇ, ಸಂಡಾಸದ ಬಾಗಿಲಿಗೆ ಆತುಕೊಂಡೇ ಮುಂಬೈ ಮುಟ್ಟಿದಳು. ಮತ್ತೆಂದೂ ಹೋಗಲಿಲ್ಲ. ಹೋದ ವರ್ಷ ತೀರಿಕೊಂಡಳು. ರೇಣುವಿನ ಹೊಟ್ಟೆಯೊಳಗಿನ ಕೆಂಡ ಮಾತ್ರ ಆರಲಿಲ್ಲ.

ಈ ಸಲ ಡಿಸೆಂಬರ್ ಐದರ ಮಧ್ಯಾಹ್ನ ರೇಣು ಕಿಟಕಿಯ ಪಕ್ಕ ಕೂತಿದ್ದಳು. ಪ್ಲಾಟ್‌ಫಾರ್ಮಿನಿಂದ ಒಂದು ಟವೆಲ್ ಹಾರಿ ಬಂದು ಎದುರಿನ ಖಾಲಿ ಜಾಗದಲ್ಲಿ ಬಿತ್ತು.

“ತಂಗಿ, ಸೀಟು ನೋಡ್ಕೋಳವಾ. ಕಾಲು ಬ್ಯಾನಿ ಐತಿ, ಪುಣೆತನಕ ಹೋಗಬೇಕು!”

ಶಂಕ್ರೆಪ್ಪ! ಕೈಯಲ್ಲಿ ಕೊಡೆಯ ಬದಲು ಈಗ ಊರುಗೋಲು. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು. ರೇಣು ಆ ಟವೆಲನ್ನು ಕೈಯಾರೆ ಮುದ್ದೆ ಮಾಡಿ ಆಚೆ ಬದಿಯ ಕಿಟಕಿಯಿಂದ ಒಗೆದಳು. ಸುಳ್ಳೇಕೆ, ಜೀವಕ್ಕೆ ಹಾಯೆನಿಸಿತು. ಆ ಜಾಗದಲ್ಲಿ ಗೆಳತಿ ದುರ್ಗಾಳನ್ನು ಕೂಡ್ರಿಸಿದಳು.

ಆತ ಮಂದಿಯನ್ನು ನೂಕಿಕೊಂಡು ಒಳಗೆ ಬಂದ. “ನನ್ನ ಟವೆಲ್ ಎಲ್ಲೈತಿ?”

“ಹಳಿ ಮ್ಯಾಲ ಐತ್ರಿ. ಸಂಗೊಳ್ಳಿ ತಾಯವ್ವಂದೂ ಅಲ್ಲೇ ಬಿದ್ದಿತ್ತು.”

“ಯಾವ ತಾಯವ್ವ?”

ಈ ಗಳಿಗೆಗೆಂದು ರೇಣು ಆರು ವರ್ಷ ಮಾತು ಮಸೆದಿಟ್ಟಿದ್ದಳು. ಈ ಮನುಷ್ಯನಿಗೆ ನೆನಪೇ ಇಲ್ಲ! ಒಗೆದದ್ದಕ್ಕಿಂತ ಮರೆತದ್ದೇ ಅವಳನ್ನು ಹೆಚ್ಚು ಉರಿಸಿತು. ಡಬ್ಬಿಗೆಲ್ಲ ಕೇಳುವಂತೆ ನಡೆದದ್ದನ್ನು ಹೇಳಿದಳು. ಕೂತವರೆಲ್ಲ ಚೈತ್ಯಭೂಮಿಗೆ ಹೊರಟವರು. ಒಬ್ಬರೂ ಸರಿದು ಜಾಗ ಕೊಡಲಿಲ್ಲ.

ಘಟಪ್ರಭಾ ಬಂತು. “ಇಲ್ಲಿಗೆ ನಮ್ಮವ್ವಗ ನಿಂದ್ರಾಕ ಆಗಲಿಲ್ರಿ. ಕುಂಡ್ರಾಕ ಜಾಗಾ ಇರಲಿಲ್ಲ.”

ಕುಡಚಿ ಬಂತು. “ಇಲ್ಲಿ ಅಕಿ ಕಾಲು ಬಾತವು.”

ಶಂಕ್ರೆಪ್ಪ ಕೋಲಿನ ಮೇಲೆ ಭಾರ ಬಿಟ್ಟು ಬೆವರುತ್ತಿದ್ದ. ಮಿರಜ ಬರುವಷ್ಟರಲ್ಲಿ ಕೈಮುಗಿದ.

“ನೆನಪಾತವಾ. ಖರೇನ ನೆನಪಾತು. ತಪ್ಪಾತು.”

ದುರ್ಗಾ ಏಳಲು ಹೊರಟಳು. ರೇಣು ಅವಳ ಭುಜ ಒತ್ತಿ ಕೂಡ್ರಿಸಿದಳು.

“ಹಂಗಾರ ಹೇಳ್ರಿ, ನಮ್ಮವ್ವನ ಟವೆಲ್ ಯಾವ ಬಣ್ಣದ್ದಿತ್ತು?”

ಶಂಕ್ರೆಪ್ಪ ಮೇಲೆ ತಿರುಗುವ ಫ್ಯಾನನ್ನು ನೋಡಿದ. “ಬಿಳೇದು... ಅಲ್ಲೇನವಾ?”

“ನೀಲಿ,” ಎಂದಳು ರೇಣು. “ನಿಂದರ್ರಿ. ಪುಣೆ ಇನ್ನೂ ದೂರ ಐತಿ.”