ಏಳನೆಯ ಕ್ಯಾಸೆಟ್ಟು

ನನ್ನ ಗುರುಗಳಾದ ದೌಲತರಾಯ ಶರಣರು ಮಾತು ಕಳೆದುಕೊಂಡು ಎರಡು ವರ್ಷವಾಗಿತ್ತು. ಗಂಟಲಿನ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಜೀವವನ್ನು ಉಳಿಸಿದ್ದರು. ದನಿಯನ್ನು ಉಳಿಸಲು ಅವರಿಂದ ಸಾಧ್ಯವಾಗಿರಲಿಲ್ಲ. ಮೂವತ್ತು ವರ್ಷ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಠಗಳಲ್ಲಿ ಪ್ರವಚನ ಹೇಳಿದ ಆ ಬಾಯಿ ಈಗ ಗಂಜಿ ಕುಡಿಯುವುದಕ್ಕಷ್ಟೇ ತೆರೆಯುತ್ತಿತ್ತು. ಹೇಳಬೇಕಾದದ್ದನ್ನು ಅವರು ಮಕ್ಕಳ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಿವಿಯೂ ಮಂದವಾಗಿತ್ತು.

ಆದರೆ ದನಿ ಪೂರ್ಣವಾಗಿ ಅಳಿದಿರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ನೆಲೋಗಿಯಲ್ಲಿ ಒಂದು ಶ್ರಾವಣಮಾಸ ಪೂರ್ತಿ ಅವರು ಷಟ್‌ಸ್ಥಲ ತತ್ತ್ವದ ಮೇಲೆ ಪ್ರವಚನ ಮಾಡಿದ್ದರು. ಅರಿವೆ ವ್ಯಾಪಾರಿಯಾದ ಕರೀಮಸಾಬರು ಭಕ್ತಿಯಿಂದ ಅದನ್ನು ಹನ್ನೆರಡು ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟಿದ್ದರು. ಶರಣರು ಒಂದು ಪುಸ್ತಕವನ್ನೂ ಬರೆದವರಲ್ಲ. ಅವರ ವಿದ್ಯೆಯೆಲ್ಲ ಉಳಿದಿದ್ದರೆ ಆ ಹನ್ನೆರಡರಲ್ಲಿ ಮಾತ್ರ. ಅದನ್ನು ಗ್ರಂಥರೂಪಕ್ಕೆ ತರುವ ಭಾರ ಗೊಬ್ಬೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದ ನನ್ನ ಮೇಲೆ ಬಿತ್ತು. ಅವರ ಮನೆಯೂ ಗೊಬ್ಬೂರಿನಲ್ಲೇ. ಮಂದವಾದ ಕಿವಿಗೆ ಸಣ್ಣ ಟೇಪ್‌ರೆಕಾರ್ಡರಿನ ದನಿ ಮುಟ್ಟದೆಂದು ಕರೀಮಸಾಬರೇ ದುಬೈಯಲ್ಲಿದ್ದ ತಮ್ಮ ಮಗನಿಂದ ಒಂದು ರಿಸೀವರನ್ನು ತರಿಸಿಕೊಟ್ಟರು. ರೇಡಿಯೋ ಮತ್ತು ಆಂಪ್ಲಿಫೈಯರ್ ಎರಡೂ ಒಂದಾಗಿದ್ದ ಆ ಕಪ್ಪು ಯಂತ್ರಕ್ಕೆ ಕ್ಯಾಸೆಟ್ ಹಾಕುವ ಡೆಕ್ಕನ್ನೂ ಎರಡು ಸ್ಪೀಕರುಗಳನ್ನೂ ಜೋಡಿಸಬೇಕಾಗಿತ್ತು. ಊರವರು ಅದನ್ನು 'ದುಬೈ ಪೆಟ್ಟಿಗಿ' ಎಂದರು.

ಶರಣರ ನಿಯಮಗಳು ಕಠಿಣವಾಗಿದ್ದವು. ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಶ್ರವಣ. ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಮೊದಲು ಅಖಂಡವಾಗಿ ಕೇಳಬೇಕು. ಕೇಳಿ ಅವರು ತಲೆಯಾಡಿಸಿದರೆ ಮಾತ್ರ ಮರುದಿನ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಬೇಕು. ಶ್ರವಣ ನಡುವೆ ಕಡಿದರೆ ಕಡಿದಲ್ಲಿಂದ ಮುಂದುವರಿಸುವಂತಿಲ್ಲ. ಮರುದಿನ ಮತ್ತೆ ಮಂಗಳಾಚರಣೆಯಿಂದಲೇ ಆರಂಭ. ಗುರುವಿನ ಸಮಕ್ಷದಲ್ಲಲ್ಲದೆ ಕ್ಯಾಸೆಟ್ಟನ್ನು ಕೇಳುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ಆದುದರಿಂದ ಮುಂದಿನ ಮಾತು ಯಾವುದೆಂಬುದು ಅದು ಕಿವಿಗೆ ಬೀಳುವವರೆಗೆ ನನಗೂ ತಿಳಿಯುತ್ತಿರಲಿಲ್ಲ. ಅವರೋ, ಒಂಬತ್ತು ವರ್ಷಗಳ ಹಿಂದಿನ ತಮ್ಮ ಮಾತುಗಳನ್ನು ಬಹುಪಾಲು ಮರೆತಿದ್ದರು.

ದೀಪಾವಳಿಯಿಂದ ಶಿವರಾತ್ರಿಯವರೆಗೆ ಆರು ಕ್ಯಾಸೆಟ್ಟುಗಳು ನಿರ್ವಿಘ್ನವಾಗಿ ಮುಗಿದು, ಆರು ನೋಟುಬುಕ್ಕುಗಳು ತುಂಬಿದವು. ಏಳನೆಯದು ಪ್ರಾಣಲಿಂಗಿಸ್ಥಲ. ಉಸಿರೇ ಲಿಂಗವಾಗುವ ನಿಲುವಿನ ವಿಚಾರ ಅದು. ಆ ನಿಲುವು ದೊರೆಯುವುದು ಸಾಧನೆಯಿಂದಲೋ ಕರುಣೆಯಿಂದಲೋ ಎಂಬುದು ಅಲ್ಲಿಯ ಪ್ರಶ್ನೆ. ಸಾಧನೆಯೇ ಮೊದಲೆಂದು ಶರಣರ ಗುರುಗಳು ಜೀವಮಾನವಿಡೀ ಬೋಧಿಸಿದ್ದರು. ಕ್ಯಾಸೆಟ್ಟಿನಲ್ಲಿ ಶರಣರ ಕಂಚಿನಂಥ ದನಿ ಈ ಪ್ರಶ್ನೆಯನ್ನು ಅರ್ಧ ತಾಸು ಬಿಡಿಸಿ, ಕರುಣೆಯೇ ಮೊದಲೆಂದು ನಿರ್ಣಯಿಸಿ, ಕಡೆಗೆ ಹೇಳಿತು: "ನಮ್ಮ ಗುರುಗೋಳು ಇಲ್ಲಿ ಎಡವಿದ್ರು."

ಒಳಗೆ 'ಟಕ್' ಎಂದು ಸದ್ದಾಯಿತು. ಹಸಿರು ದೀಪ ಆರಿತು. ಪೆಟ್ಟಿಗೆ ಮೌನವಾಯಿತು.

ಕರೆಂಟು ಹೋಗಿರಲಿಲ್ಲ, ತಲೆಯ ಮೇಲಿನ ಬಲ್ಬು ಉರಿಯುತ್ತಿತ್ತು. ಗುಂಡಿ ಒತ್ತಿದರೂ ಯಂತ್ರ ಏಳಲಿಲ್ಲ. ಮಧ್ಯಾಹ್ನ ಏನೂ ಆಗದಂತೆ ಹೊತ್ತಿಕೊಂಡಿತು. ಮರುದಿನ ಮತ್ತೆ ಮಂಗಳಾಚರಣೆಯಿಂದ ಆರಂಭಿಸಿದೆವು. ಮತ್ತೆ ಅದೇ ವಾಕ್ಯ, ಅದೇ ಸದ್ದು, ಅದೇ ಮೌನ. ಮೂರನೆಯ ದಿನವೂ ಹಾಗೆಯೇ ಆದಾಗ ಶರಣರು ಪಾಟಿಗೆ ಕೈ ಚಾಚಿದರು. ಅದರ ಮೇಲೆ ನಿಧಾನವಾಗಿ ಬರೆದರು: 'ಗುರುನಿಂದೆ. ಅದಕ್ಕೇ ಗಂಟಲು ಹೋಯಿತು.'

ಗಂಟಲಿನ ಹುಣ್ಣಿಗೂ ಆ ವಾಕ್ಯಕ್ಕೂ ಏಳು ವರ್ಷಗಳ ಅಂತರವಿದೆಯೆಂದು ನಾನು ವಿನಯದಿಂದ ಹೇಳಿದೆ. ಕರ್ಮಕ್ಕೆ ಪಂಚಾಂಗವಿಲ್ಲವೆಂದು ಅವರು ಬರೆದರು. ಆಮೇಲೆ ಪಾಟಿಯನ್ನು ಒರೆಸಿ ತಮ್ಮ ನಿರ್ಧಾರವನ್ನು ತಿಳಿಸಿದರು: ಬರುವ ಅಮಾವಾಸ್ಯೆಯವರೆಗೆ ನೋಡುವುದು. ಅಷ್ಟರೊಳಗೆ ಈ ಮಗ್ಗುಲು ಅಖಂಡವಾಗಿ ನುಡಿಯದಿದ್ದರೆ ಆರು ನೋಟುಬುಕ್ಕು, ಹನ್ನೆರಡು ಕ್ಯಾಸೆಟ್ಟು, ಎಲ್ಲವನ್ನೂ ಭೀಮಾ ಹೊಳೆಗೆ ಬಿಡುವುದು. ಅದು ಯುಗಾದಿಯ ಹಿಂದಿನ ಅಮಾವಾಸ್ಯೆ. ಹದಿನೇಳು ದಿನ ಉಳಿದಿತ್ತು.

ನಾನು ಯಂತ್ರವನ್ನು ಗೋಣಿತಟ್ಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಅಫಜಲಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಎದುರು ಬುರಾನುದ್ದೀನರ ರೇಡಿಯೋ ರಿಪೇರಿ ಅಂಗಡಿ. ಐವತ್ತು ದಾಟಿದ, ಮಾತು ಹರಿತವಾದ, ಕೈ ಮೃದುವಾದ ಮನುಷ್ಯ. ಅವರು ಫ್ಯೂಸು ನೋಡಿದರು, ಸರಿಯಿತ್ತು. ನಾನು ಜೊತೆಗೆ ಒಯ್ದಿದ್ದ ಸ್ಪೀಕರಿನ ತಂತಿಯಲ್ಲಿ ಒಂದು ತಾಮ್ರದ ಎಳೆ, ಕೂದಲಷ್ಟು ಸಣ್ಣದು, ಪಕ್ಕದ ತುದಿಗೆ ತಾಗುವಂತೆ ಬಿಡಿಸಿಕೊಂಡಿರುವುದನ್ನು ತೋರಿಸಿ, ಇದೇ ಕಳ್ಳ ಎಂದರು. ತುದಿ ಕತ್ತರಿಸಿ ಹೊಸದಾಗಿ ಹೆಣೆದುಕೊಟ್ಟರು. ಮನೆಯಲ್ಲಿ ಯಂತ್ರ ಅದೇ ವಾಕ್ಯದಲ್ಲಿ ನಿಂತಿತು.

ಎರಡನೆಯ ಸಲ ಹೋದಾಗ, ಹಳ್ಳಿಯ ಕರೆಂಟು ಏರಿಳಿಯುತ್ತದೆಂದು ತಮ್ಮ ಸ್ಟೆಬಿಲೈಜರನ್ನೇ ಕೊಟ್ಟು ಕಳುಹಿಸಿದರು. ಅದರಿಂದಲೂ ಪ್ರಯೋಜನವಾಗಲಿಲ್ಲ. ಮೂರನೆಯ ಸಲ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬಂದೆ. ಶರಣರ ಕ್ಯಾಸೆಟ್ಟನ್ನು ಬಜಾರಿನಲ್ಲಿ ನುಡಿಸುವುದು ಸಲ್ಲದಾದುದರಿಂದ ಅವರು ರೇಡಿಯೋ ಹಾಕಿಯೇ ಪರೀಕ್ಷಿಸಬೇಕಾಗಿತ್ತು. ನಾಲ್ಕು ದಿನಗಳ ಮೇಲೆ ಹೋದಾಗ ಬುರಾನುದ್ದೀನರು ಚಹಾ ತರಿಸಿ ನನ್ನನ್ನು ಕೆಣಕಿದರು.

"ಮಾಸ್ತರ್ರ, ನಿಮ್ಮ ಪೆಟ್ಟಿಗಿ ಮೂರು ಮೂರು ತಾಸು ಒದರಿ ನನ್ನ ಗಿರಾಕಿಗೋಳ್ನ ಓಡಿಸ್ಯಾದ. ಒಂದ್ ಸಲಾನೂ ಬಂದ್ ಬಿದ್ದಿಲ್ಲ. ನಿಮ್ಮ ಮನ್ಯಾಗಷ್ಟ ಯಾಕ ಮುನಿಸ್ಕೋತದ? ಸೊಸಿ ಅದನೇನು?"

ನನಗೆ ನಗು ಬರಲಿಲ್ಲ. ಅಮಾವಾಸ್ಯೆಗೆ ಎರಡೇ ದಿನ ಉಳಿದಿದೆಯೆಂದೂ, ಆ ದಿನ ಏನಾಗಲಿದೆಯೆಂದೂ ಹೇಳಿದೆ. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಬೇನೆ ಯಂತ್ರದಲ್ಲಿಲ್ಲ, ಮನೆಯಲ್ಲಿದೆ, ಮನೆಯನ್ನೇ ನೋಡಬೇಕು ಎಂದರು. ಮರುದಿನದ ಮೊದಲ ಬಸ್ಸಿಗೆ ಅವರೇ ಪೆಟ್ಟಿಗೆಯನ್ನು ಹೊತ್ತುಕೊಂಡು ಗೊಬ್ಬೂರಿಗೆ ಬಂದರು.

ಶರಣರ ಧರ್ಮಪತ್ನಿ ಗೌರಾಬಾಯಿಯವರು ಅವರಿಗೆ ಚಾಪೆ ಹಾಸಿದರು. ಬುರಾನುದ್ದೀನರು ಉಪಕರಣಗಳ ಚೀಲವನ್ನು ಬಿಚ್ಚಲೇ ಇಲ್ಲ. ದಿನವೂ ಹೇಗೆ ನಡೆಯುತ್ತದೆಯೋ ಹಾಗೆಯೇ ನಡೆಯಲಿ, ತಾವು ಸುಮ್ಮನೆ ನೋಡುವುದಾಗಿ ಹೇಳಿದರು.

ನಾನು ಯಂತ್ರವನ್ನು ಪೂಜಾಜಗುಲಿಯ ಮೇಲಿನ ಗೋಡೆಯ ಗೂಡಿನಲ್ಲಿಟ್ಟು ತಂತಿ ಜೋಡಿಸಿದೆ. ಗೌರಾಬಾಯಿಯವರು ಅದಕ್ಕೆ ವಿಭೂತಿ ಹಚ್ಚಿ, ಪೆಟ್ಟಿಗೆಯ ಮೇಲೆ ದಪ್ಪನೆಯ, ಜರಿಯಂಚಿನ ಉಣ್ಣೆಯ ಶಾಲನ್ನು ಎರಡು ಪದರಾಗಿ ಹೊದಿಸಿದರು. ಹಸಿರು ದೀಪವೂ ಗುಂಡಿಗಳೂ ಕಾಣುವಷ್ಟೇ ಜಾಗ ಮುಂದೆ ಉಳಿಯಿತು. ಶರಣರು ಕಣ್ಣು ಮುಚ್ಚಿದರು. ಮಂಗಳಾಚರಣೆ ಆರಂಭವಾಯಿತು.

ಅರ್ಧ ತಾಸಿನ ಬಳಿಕ ಗುರುಗಳು ಎಡವಿದರೆಂಬ ಮಾತು ಬಂದಿತು. 'ಟಕ್'. ಶರಣರು ಕಣ್ಣು ತೆರೆಯಲಿಲ್ಲ.

ಬುರಾನುದ್ದೀನರು ಮೆಲ್ಲಗೆ, ಈ ಕಾಯಿಲೆ ಎಂದಿನಿಂದ ಎಂದು ಕೇಳಿದರು. ಶಿವರಾತ್ರಿಯ ನಂತರ ಎಂದೆ. ಶಿವರಾತ್ರಿಗೆ ಮನೆಯಲ್ಲಿ ಹೊಸದಾಗಿ ಏನಾಯಿತೆಂದರು. ನಾನು ಯೋಚಿಸಿ ಏನೂ ಇಲ್ಲವೆಂದೆ. ಆಗ ಗೌರಾಬಾಯಿಯವರು ಬಾಯಿ ತೆರೆದರು.

ಶಿವರಾತ್ರಿಯ ದಿನ ಮಠದವರು ಮನೆಗೆ ಬಂದು ಶರಣರಿಗೆ ಆ ಶಾಲನ್ನು ಹೊದಿಸಹೋಗಿದ್ದರು. ಅವರು ಹೊದೆಯಲಿಲ್ಲ. ಪಾಟಿಯ ಮೇಲೆ, 'ಇದು ದನಿಗೆ ಸಂದ ಮರ್ಯಾದೆ, ದೇಹಕ್ಕಲ್ಲ' ಎಂದು ಬರೆದರು. ಗೌರಾಬಾಯಿಯವರು ಓದು ಬಲ್ಲವರಲ್ಲ. ನಾನೇ ಅದನ್ನು ಓದಿ ಹೇಳಿದೆ. ಗಂಡನ ಮಾತನ್ನು ಐವತ್ತು ವರ್ಷ ಅಕ್ಷರಶಃ ನಡೆಸಿದ ತಾಯಿ ಅವರು. ದನಿ ಈಗ ಎಲ್ಲಿದೆಯೋ ಅಲ್ಲಿಗೇ ಶಾಲು ಸಲ್ಲಬೇಕೆಂದು, ಅಲ್ಲಿಯವರೆಗೆ ಬೆಂಚಿನ ಮೇಲಿದ್ದ ಪೆಟ್ಟಿಗೆಯನ್ನು ಅಂದೇ ಗೂಡಿಗೆ ಏರಿಸಿ, ಶಾಲನ್ನು ಅದಕ್ಕೆ ಹೊದಿಸಿದ್ದರು. ಪೆಟ್ಟಿಗೆಯನ್ನು ಎತ್ತಿ ಕೊಟ್ಟವನು ನಾನು. ಆಮೇಲೆ ದಿನವೂ ಆ ಶಾಲನ್ನು ನೋಡಿದ್ದೆ. ಕಣ್ಣಿಗೆ ರೂಢಿಯಾದ ಗೌರವವನ್ನು ಯಾರೂ ಪರೀಕ್ಷಿಸುವುದಿಲ್ಲ.

ಬುರಾನುದ್ದೀನರು ಎದ್ದು ಜಗುಲಿಯಿಂದ ಎರಡು ಮೊಳ ದೂರ ನಿಂತರು.

"ಅವ್ವಾ, ಅದು ನಿಮ್ಮ ದೇವರ ಜಗಲಿ, ನಾ ಮುಟ್ಟಂಗಿಲ್ಲ. ನೀವ ಜರಾ ಆ ಶಾಲಿನ ಬುಡಕ ಕೈ ಇಟ್ಟು ನೋಡ್ರಿ."

ಗೌರಾಬಾಯಿಯವರು ಕೈಯಿಟ್ಟವರು ತಟ್ಟನೆ ಹಿಂದೆಗೆದುಕೊಂಡರು. "ಯಪ್ಪಾ, ಹಂಚಿನಂಗ ಕಾದದಲ್ಲೋ."

"ಅದರ ನೆತ್ತಿ ಮ್ಯಾಲ ಸಣ್ಣ ಸಣ್ಣ ಸಂದಿ ಅವರಿ. ಅಲ್ಲಿಂದನ ಅದು ಉಸಿರಾಡ್ತದ. ನೀವು ಮರ್ಯಾದಿ ಮಾಡಾಕ ಹೋಗಿ ಮೂಗು ಮುಚ್ಚೀರಿ. ಒಳಗ ಒಬ್ಬ ಕಾವಲುಗಾರ ಇದ್ದಂಗ ಇರ್ತಾನ; ಗರಂ ಮಿತಿ ಮೀರ್ತಂದ್ರ ಕರೆಂಟ್ ಕಡದುಬಿಡ್ತಾನ. ಪೆಟ್ಟಿಗಿ ಸಾಯಾಕತ್ತಿಲ್ರಿ ಅವ್ವಾ. ಸಾಯಬಾರ್ದಂತ ತಾನ ಬಾಯಿ ಮುಚ್ಕೊಂಡದ."

ಶರಣರು ಇದನ್ನು ಕೇಳಿಸಿಕೊಂಡರೋ, ನಮ್ಮ ಮುಖಗಳನ್ನೇ ಓದಿದರೋ ತಿಳಿಯದು. ಪಾಟಿಯನ್ನು ನನ್ನತ್ತ ತಿರುಗಿಸಿದರು: 'ಹಾಗಾದರೆ ದಿನವೂ ಆ ಮಾತಿಗೇ ಏಕೆ?'

ನಾನು ಓದಿದೆ. ಬುರಾನುದ್ದೀನರು ಶರಣರ ಕಿವಿಯ ಬಳಿ ಕುಳಿತು, ಪ್ರತಿಯೊಂದು ಮಾತನ್ನೂ ಬಿಡಿಸಿ ಹೇಳಿದರು.

"ಶರಣರ್ರೀ, ನಿಮ್ಮ ಬಾಕಲದಿಂದ ದಿನಾ ಒಂದ ಹೊತ್ತಿಗಿ, ಒಂದ ನಡಗಿಲೆ ಅಫಜಲಪುರಕ್ಕ ಹೊಂಟ್ರ, ದಿನಾ ಅದ ಬೇವಿನ ಗಿಡದ ಕೆಳಗ ದಣಿವಾಗ್ತದ. ಅದರಾಗ ಗಿಡದ ತಪ್ಪೇನದರಿ? ನೀವು ದಿನಾ ಮಂಗಳದಿಂದನ ಸುರು ಮಾಡ್ತೀರಿ. ಪೆಟ್ಟಿಗಿಗಿ ದಿನಾ ಅಲ್ಲೇ ಉಸಿರು ಕಟ್ತದ."

ಶರಣರು ಶಾಲಿನ ಕಡೆಗೆ ಕೈ ತೋರಿದರು. ಗೌರಾಬಾಯಿಯವರು ಅದನ್ನು ತೆಗೆದು ಮಡಚಿ, ತಪ್ಪು ಮಾಡಿದವರಂತೆ ಎದೆಗವಚಿಕೊಂಡು ಗೋಡೆಗೆ ಒರಗಿ ಕುಳಿತರು. ನಾನು ಪೆಟ್ಟಿಗೆಯನ್ನು ಗೂಡಿನಿಂದಿಳಿಸಿ ಮೊದಲಿನ ಬೆಂಚಿನ ಮೇಲಿಟ್ಟೆ. ಬುರಾನುದ್ದೀನರು ಬ್ರಶ್ಶಿನಿಂದ ಅದರ ಸಂದಿಗಳಲ್ಲಿ ಕೂತಿದ್ದ ವಿಭೂತಿಯನ್ನು ನಯವಾಗಿ ತೆಗೆದರು. ಅದನ್ನು ನೆಲಕ್ಕೆ ಬೀಳಗೊಡದೆ ಒಂದು ಕಾಗದದಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. ಯಂತ್ರ ತಣ್ಣಗಾಗುವವರೆಗೆ ಕಾದೆವು. ಮರುದಿನಕ್ಕೆ ನಿಲ್ಲಿಸಬೇಕೆಂಬ ನಿಯಮವನ್ನು ಅಂದು ಶರಣರು ತಾವಾಗಿಯೇ ಬಿಟ್ಟುಕೊಟ್ಟರು. ಮಂಗಳಾಚರಣೆಯನ್ನು ಮಾತ್ರ ಬಿಡಲಿಲ್ಲ.

ಮತ್ತೆ ಅರ್ಧ ತಾಸು. ನಾನು ಹಸಿರು ದೀಪದಿಂದ ಕಣ್ಣು ಕೀಳಲಿಲ್ಲ.

"ನಮ್ಮ ಗುರುಗೋಳು ಇಲ್ಲಿ ಎಡವಿದ್ರು."

ದೀಪ ಆರಲಿಲ್ಲ. ಸ್ಪೀಕರಿನಲ್ಲಿ ಒಂದು ಕೆಮ್ಮು, ಲೋಟ ಕೆಳಗಿಟ್ಟ ಸಪ್ಪಳ, ನೆಲೋಗಿಯ ಯಾವುದೋ ಕೂಸಿನ ಅಳು. ಬಳಿಕ ಅದೇ ದನಿ, ಆದರೆ ತಗ್ಗಿದ ದನಿ:

"ಎಡವಿದ್ರು ಅಂದೆ. ಯಾಕ ಎಡವಿದ್ರು? ಮುಂದ ನಡದಿದ್ರು, ಅದಕ್ಕ. ನಾ ಅವರ ಬೆನ್ನ ಹಿಂದ ಬಂದೇನಿ, ಅದಕ್ಕ ನನಗ ಕಲ್ಲು ಕಂಡದ. ಅವರ ಕಾಲಿನ ನೆತ್ತರ ಆ ಕಲ್ಲಿಗಿ ಹತ್ತಿರಲಿಲ್ಲಂದ್ರ ನಾನೂ ಅದಕ್ಕ ಎಡವ್ತಿದ್ದೆ. ಇದು ನನ್ನ ಜಾಣತನ ಅಂತ ಯಾರೂ ತಿಳೀಬ್ಯಾಡ್ರಿ. ಇದೂ ಅವರು ಕೊಟ್ಟ ಪ್ರಸಾದನ."

ಶರಣರ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲಿಲ್ಲ. ಒಂಬತ್ತು ವರ್ಷಗಳ ಹಿಂದೆಯೇ ತಾವು ಸಲ್ಲಿಸಿದ್ದ ಆ ನಮಸ್ಕಾರವನ್ನು ಅವರು ಮರೆತಿದ್ದರು. ಹದಿನೆಂಟು ದಿನಗಳಿಂದ ಅದು ಒಂದು ಕೆಮ್ಮಿನಷ್ಟು ದೂರದಲ್ಲಿ ಅವರಿಗಾಗಿ ಕಾಯುತ್ತಿತ್ತು.

ಪ್ರವಚನ ಸಾಗಿತು. ಕೊನೆಗೆ ಮತ್ತೆ 'ಟಕ್' ಎಂದಾಗ ಗೌರಾಬಾಯಿಯವರು ಬೆಚ್ಚಿ ಶಾಲನ್ನು ಬಿಗಿಹಿಡಿದರು.

"ಅಂಜಬ್ಯಾಡ್ರಿ ಅವ್ವಾ," ಎಂದರು ಬುರಾನುದ್ದೀನರು. "ಈ ಸಲ ಕ್ಯಾಸೆಟ್ಟಿನ ಮಗ್ಗಲಾ ಮುಗದದ, ಅಷ್ಟ."

ಶರಣರು ತಲೆಯಾಡಿಸಿದರು.

ಮರುದಿನ ಅಮಾವಾಸ್ಯೆ. ಭೀಮೆಗೆ ನಾವು ಹೋದದ್ದು ಸ್ನಾನಕ್ಕಷ್ಟೇ. ತಿರುಗಿ ಬಂದು ಏಳನೆಯ ನೋಟುಬುಕ್ಕನ್ನು ತೆರೆದು ಬರೆಯತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಗುರುಗಳು ಎಡವಿದರೆಂಬ ವಾಕ್ಯವನ್ನು ಮುಟ್ಟಿದೆವು. ಅದು ಪುಟದ ಕಟ್ಟಕಡೆಯ ಸಾಲಿಗೆ ಬಂದಿತ್ತು. ನಾನು ಬರೆಯಲು ತೊಡಗಿದಾಗ ಶರಣರ ಕೈ ನನ್ನ ಲೇಖನಿಯನ್ನು ಹಿಡಿದು ನಿಲ್ಲಿಸಿತು. ಈ ಮಾತನ್ನು ಬಿಟ್ಟುಬಿಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, ಅವರೇ ಪುಟವನ್ನು ಮಗುಚಿದರು. ಹೊಸ ಪುಟದ ಮೊದಲ ಸಾಲಿನ ಮೇಲೆ ಬೆರಳಿಟ್ಟರು, ಆಮೇಲೆ ಅದರ ಕೆಳಗಿನ ಸಾಲುಗಳ ಮೇಲೆ. ಎರಡೂ ಮಾತು ಒಂದೇ ಪುಟದಲ್ಲಿರಬೇಕು; ಒಂದನ್ನು ಓದಿದವನ ಕಣ್ಣು ಇನ್ನೊಂದನ್ನು ಕಾಣದೆ ಪುಟದಂಚಿನಲ್ಲಿ ನಿಲ್ಲಬಾರದು.

ಹಾಗೆಯೇ ಬರೆದೆ. ಆ ನೋಟುಬುಕ್ಕಿನಲ್ಲಿ ಇಂದಿಗೂ ಒಂದು ಪುಟದ ಕೊನೆಯ ಸಾಲು ಖಾಲಿಯಾಗಿದೆ.